ಗಣೇಶನ ಮಾಡು ಅಂದರೆ ಅವರಪ್ಪನ ಮಾಡಿದ ಕಥೆ

"ಗಣೇಶನ ಮಾಡು ಅಂದ್ರೆ ಅವರಪ್ಪನ ಮಾಡಿದ್ನಂತೆ" ಅಂತ ನಮ್ಮಜ್ಜಿ ಆಗಾಗ ಹೇಳುತ್ತಿದ್ದರು. ಚಿಕ್ಕವನಿದ್ದಾಗ ಇದರಲ್ಲಿ ತಪ್ಪೇನು ಅಂತ ನನಗೆ ಹೊಳೆಯುತ್ತಲೇ ಇರಲಿಲ್ಲ. ಗಣೇಶನಿಗಿಂತ ಶಿವ ದೊಡ್ಡ ದೇವರು ತಾನೆ? ಕೇಳಿದ್ದಕ್ಕಿಂತ ಹೆಚ್ಚೇ ಸಿಕ್ಕಿತಲ್ಲ! ಆ ಗಾದೆಯ ಬಿಸಿ ನನಗೆ ತಟ್ಟಿದ್ದು ಇಂಜಿನಿಯರ್ ಆದ ಮೇಲೆ, ಪೀಣ್ಯದ ಒಂದು ಕಾರ್ಖಾನೆಯಲ್ಲಿ.

ಎರಡು ವರ್ಷದ ಹಿಂದಿನ ಮಾತು. ಗಿರಾಕಿ ಹೇಳಿದ ಹಾಗೆ ಯಂತ್ರ ಮಾಡಿಕೊಡುವ ಕಂಪನಿಗಳಿರುತ್ತವಲ್ಲ, ಅಂಥದ್ದೊಂದು ಕಂಪನಿಗೆ ನಾವು ಸಾಫ್ಟ್‌ವೇರ್ ಬರೆದುಕೊಡುತ್ತಿದ್ದೆವು. ಇಂಥ ಯಂತ್ರಗಳಿಗೆ ಅಲ್ಲಿ 'ಎಸ್‌ಪಿಎಂ' ಅಂತಾರೆ, ಸ್ಪೆಷಲ್ ಪರ್ಪಸ್ ಮಷೀನ್. ಅಂಗಡಿಗೆ ಹೋಗಿ "ಒಂದು ಕೊಡಿ" ಅಂದರೆ ಸಿಗುವ ವಸ್ತುವಲ್ಲ. ಒಬ್ಬ ಗಿರಾಕಿಗೆ ಅಂತಲೇ ಒಂದೇ ಒಂದು ತಯಾರಾಗುತ್ತದೆ. ನಮ್ಮದು ಎರಕ ಹೊಯ್ದ ಭಾಗಗಳಲ್ಲಿ ಗಾಳಿ ಸೋರುತ್ತದಾ ಅಂತ ಪರೀಕ್ಷೆ ಮಾಡುವ ಯಂತ್ರ. ನಾವು ಹುರುಪಿನಿಂದ ಗ್ರಾಫು, ವರದಿ, ಬಣ್ಣಬಣ್ಣದ ಚಾರ್ಟು ಎಲ್ಲಾ ಹಾಕಿದೆವು. ಎರಡು ತಿಂಗಳು ತಡವಾಯಿತು. ಕೊನೆಗೆ ಯಂತ್ರ ಕೂರಿಸಿ ತೋರಿಸಿದಾಗ ಅಲ್ಲಿನ ಸೂಪರ್‌ವೈಸರ್, ತುಮಕೂರು ಕಡೆಯವರು, ಸಮಾಧಾನವಾಗಿ ಎಲ್ಲ ನೋಡಿ ಕೇಳಿದರು:

"ಎಲ್ಲಾ ಚೆನ್ನಾಗೈತೆ ಸಾರ್. ನಮ್ ಹುಡುಗ್ರಿಗೆ ಬೇಕಾಗಿದ್ದು ಎರಡು ದೀಪ. ಪಾಸಾದ್ರೆ ಹಸಿರು, ಫೇಲಾದ್ರೆ ಕೆಂಪು. ಅದೆಲ್ಲೈತೆ?"

ಇತ್ತು. ಪರದೆಯ ಮೂಲೆಯಲ್ಲಿ ಕಡಲೆಕಾಳಿನಷ್ಟು. ಆ ಎರಡು ತಿಂಗಳೂ ಅಲ್ಲಿನ ಹುಡುಗರು ಒಂದೊಂದೇ ಭಾಗವನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಗುಳ್ಳೆ ಬರುತ್ತದಾ ಅಂತ ಕಣ್ಣಲ್ಲಿ ನೋಡುತ್ತಿದ್ದರು. ಒಬ್ಬನ ಕೈ ನೋಡಿದೆ. ಬೆರಳೆಲ್ಲ ಬಿಳಿಚಿ ಸುಕ್ಕುಗಟ್ಟಿತ್ತು. ನನ್ನ ಗ್ರಾಫಿನ ಬಗ್ಗೆ ಆಮೇಲೆ ನಾನು ಒಂದು ಮಾತೂ ಆಡಲಿಲ್ಲ.

ಅವತ್ತು ಮೆಟ್ರೋದಲ್ಲಿ ವಾಪಸ್ ಬರುವಾಗ ನೆನಪಾದವನು ಚಾರ್ಲ್ಸ್ ಬ್ಯಾಬೇಜ್. ಶಾಲೆಯಲ್ಲಿ "ಕಂಪ್ಯೂಟರ್ ಪಿತಾಮಹ ಯಾರು?" ಅನ್ನುವ ಒಂದು ಮಾರ್ಕಿನ ಪ್ರಶ್ನೆಗೆ ನಾವೆಲ್ಲ ಬರೆದ ಉತ್ತರ. ಆತನ ಯಂತ್ರ ಯಾಕೆ ಪೂರ್ತಿಯಾಗಲಿಲ್ಲ ಅನ್ನುವುದಕ್ಕೆ ನಮಗೆ ಸಿಕ್ಕಿದ್ದೂ ಒಂದೇ ಸಾಲಿನ ಉತ್ತರ, "ಆಗಿನ ತಂತ್ರಜ್ಞಾನ ಅಷ್ಟು ಮುಂದುವರಿದಿರಲಿಲ್ಲ". ಆಮೇಲೆ ಕೆಲವು ತಿಂಗಳು ಈ ಕಥೆಯ ಹಿಂದೆ ಬಿದ್ದು ಓದಿದೆ. ಆ ಒಂದು ಸಾಲು ಅರ್ಧ ಸತ್ಯ ಅಂತ ಈಗ ನನಗನ್ನಿಸುತ್ತದೆ. ಆತನ ಕಥೆಯಲ್ಲೂ ಒಬ್ಬ ಗಿರಾಕಿ ಇದ್ದ, ಹೇಳಿ ಮಾಡಿಸಿದ ಯಂತ್ರ ಇತ್ತು, ಎರಡು ದೀಪ ಕೇಳಿದವರೂ ಇದ್ದರು.

* * *

ಪಿಯುಸಿಯಲ್ಲಿ ಲಾಗ್ ಟೇಬಲ್ ಹಿಡಿದು ಒದ್ದಾಡಿದವರಿಗೆ ಈ ಕಥೆಯ ಶುರು ಸುಲಭವಾಗಿ ಅರ್ಥವಾಗುತ್ತದೆ. 19ನೇ ಶತಮಾನದಲ್ಲಿ ಹಡಗು ನಡೆಸುವವನು, ನಕ್ಷತ್ರ ನೋಡುವವನು, ವಿಮಾ ಕಂತು ಲೆಕ್ಕ ಹಾಕುವವನು ಎಲ್ಲರೂ ಇಂಥ ಅಚ್ಚಾದ ಕೋಷ್ಟಕಗಳನ್ನೇ ನಂಬಿದ್ದರು. ಅವನ್ನು ತಯಾರಿಸುತ್ತಿದ್ದವರು ಮನುಷ್ಯರು. 'ಕಂಪ್ಯೂಟರ್' ಅಂದರೆ ಆಗ ಕೂತು ಲೆಕ್ಕ ಹಾಕುವ ಮನುಷ್ಯ ಅಂತಲೇ ಅರ್ಥ. ಲೆಕ್ಕ ಹಾಕುವಾಗ ತಪ್ಪು, ನಕಲು ಮಾಡುವಾಗ ತಪ್ಪು, ಅಚ್ಚಿನ ಮೊಳೆ ಜೋಡಿಸುವಾಗ ಮತ್ತೆ ತಪ್ಪು. 1821ರಲ್ಲಿ ಬ್ಯಾಬೇಜ್ ತನ್ನ ಗೆಳೆಯ ಜಾನ್ ಹರ್ಷೆಲ್ ಜೊತೆ ಖಗೋಳದ ಕೋಷ್ಟಕಗಳನ್ನು ತಾಳೆ ನೋಡುತ್ತ ಕೂತಿದ್ದಾಗ ಸಾಲು ಸಾಲು ತಪ್ಪು ಕಂಡು ರೋಸಿಹೋದ. ಈ ಕೆಲಸವನ್ನು ಉಗಿಯಂತ್ರವೇ ಮಾಡುವ ಹಾಗಿದ್ದರೆ ಅನ್ನುವ ಆಸೆ ಅಲ್ಲಿ ಹುಟ್ಟಿತು.

ಉಪಾಯ ಸರಳವಾಗಿತ್ತು. 1, 4, 9, 16, 25 ಈ ವರ್ಗಸಂಖ್ಯೆಗಳನ್ನು ತಗೊಳ್ಳಿ. ಅಕ್ಕಪಕ್ಕದವುಗಳ ವ್ಯತ್ಯಾಸ 3, 5, 7, 9. ಆ ವ್ಯತ್ಯಾಸಗಳ ವ್ಯತ್ಯಾಸ 2, 2, 2. ಅಂದಮೇಲೆ ಮುಂದಿನ ವರ್ಗಸಂಖ್ಯೆಗೆ ಗುಣಾಕಾರವೇ ಬೇಡ. 9ಕ್ಕೆ 2 ಕೂಡಿಸಿದರೆ 11, 25ಕ್ಕೆ 11 ಕೂಡಿಸಿದರೆ 36. ಬರೀ ಕೂಡುವುದಾದರೆ ಹಲ್ಲಿನ ಚಕ್ರಗಳೂ ಮಾಡುತ್ತವೆ. ಲಾಗರಿಥಮ್ಮನ್ನೂ ತುಂಡು ತುಂಡಾಗಿ ಇದೇ ರೀತಿ ಲೆಕ್ಕ ಹಾಕಬಹುದು. ವ್ಯತ್ಯಾಸದಿಂದ ಕೆಲಸ ಮಾಡುವುದರಿಂದ ಯಂತ್ರದ ಹೆಸರು 'ಡಿಫರೆನ್ಸ್ ಎಂಜಿನ್'. ಲೆಕ್ಕ ಹಾಕಿದ್ದನ್ನು ಅಚ್ಚಿಗೂ ಯಂತ್ರವೇ ಇಳಿಸಬೇಕು, ಮನುಷ್ಯನ ಕೈ ಎಲ್ಲೂ ತಾಗಬಾರದು. 1822ರಲ್ಲಿ ಆರು ಅಂಕಿಯ ಒಂದು ಪುಟ್ಟ ಮಾದರಿಯನ್ನು ಮಾಡಿ ತೋರಿಸಿಯೂ ಬಿಟ್ಟ.

1823ರಲ್ಲಿ ಬ್ರಿಟಿಷ್ ಸರ್ಕಾರ ರಾಯಲ್ ಸೊಸೈಟಿಯ ಅಭಿಪ್ರಾಯ ಕೇಳಿತು, ಒಳ್ಳೆಯ ಮಾತು ಬಂತು. ಬ್ಯಾಬೇಜ್ ಹೋಗಿ ಹಣಕಾಸು ಮಂತ್ರಿ ಫ್ರೆಡರಿಕ್ ರಾಬಿನ್‌ಸನ್‌ನನ್ನು ಕಂಡ. 1,500 ಪೌಂಡ್ ಮಂಜೂರಾಯಿತು. ಎರಡು ಮೂರು ವರ್ಷದಲ್ಲಿ ಯಂತ್ರ ತಯಾರು ಅನ್ನುವುದು ಬ್ಯಾಬೇಜನ ಅಂದಾಜು.

ಸಾಫ್ಟ್‌ವೇರಿನವರು ಇಲ್ಲಿ ಸ್ವಲ್ಪ ನಿಂತು ಓದಿ. ಆ ಭೇಟಿಯಲ್ಲಿ ಏನು ಮಾತಾಯಿತು ಅಂತ ಯಾರೂ ಬರೆದಿಡಲಿಲ್ಲ! ಪ್ರತಿ ಮೀಟಿಂಗ್ ಆದಮೇಲೆ ನಮ್ಮ ಮ್ಯಾನೇಜರು "ಎಂಓಎಂ ಕಳಿಸಿ, ಎಂಓಎಂ ಕಳಿಸಿ" ಅಂತ ಪ್ರಾಣ ತಿನ್ನುತ್ತಾರಲ್ಲ, ಅದು ಯಾಕೆ ಅಂತ ನನಗೆ ಗೊತ್ತಾಗಿದ್ದು ಈಗ. ಒಬ್ಬ ಸಂಶೋಧಕನಿಗೆ ಸಹಾಯ ಅಂತ ಒಂದು ಮೊತ್ತ ಕೊಟ್ಟೆವು, ಅಲ್ಲಿಗೆ ಮುಗಿಯಿತು ಅಂತ ಸರ್ಕಾರ ತಿಳಿದುಕೊಂಡಿತು. ಇದು ಸರ್ಕಾರದ್ದೇ ಯಂತ್ರ, ಎಷ್ಟು ಖರ್ಚಾದರೂ ಸರ್ಕಾರ ಭರಿಸುತ್ತದೆ ಅಂತ ಬ್ಯಾಬೇಜ್ ತಿಳಿದುಕೊಂಡ. ಯಂತ್ರ ಯಾರದು ಅನ್ನುವ ಪ್ರಶ್ನೆ ಇತ್ಯರ್ಥವಾಗಲು 1830 ಬರಬೇಕಾಯಿತು. ಅಷ್ಟರಲ್ಲಿ ಏಳು ವರ್ಷ ಹೋಗಿತ್ತು, ಬ್ಯಾಬೇಜನ ಕೈಯಿಂದಲೂ ಸಾಕಷ್ಟು ದುಡ್ಡು ಹೋಗಿತ್ತು.

* * *

ಈಗ ಮೂರನೆಯ ಪಾತ್ರಧಾರಿ, ಜೋಸೆಫ್ ಕ್ಲೆಮೆಂಟ್. ಪಠ್ಯಪುಸ್ತಕದಲ್ಲಿ ಈತನ ಹೆಸರೇ ಇರುವುದಿಲ್ಲ. ಕೈಮಗ್ಗದ ನೇಕಾರನೊಬ್ಬನ ಮಗ. ಬ್ರಾಮಾ, ಮಾಡ್ಸ್ಲೆಯಂಥ ದೊಡ್ಡ ಯಂತ್ರಕಾರರ ಹತ್ತಿರ ಪಳಗಿ, ಥೇಮ್ಸ್ ನದಿಯ ದಕ್ಷಿಣಕ್ಕೆ ಸ್ವಂತ ವರ್ಕ್‌ಶಾಪ್ ಹಾಕಿದ್ದ. ಲೇತ್ ಕೆಲಸದಲ್ಲಿ, ನಕ್ಷೆ ಬರೆಯುವುದರಲ್ಲಿ ಎತ್ತಿದ ಕೈ. ಎಂಜಿನಿಯರ್ ಮಾರ್ಕ್ ಬ್ರುನೆಲ್ ಶಿಫಾರಸಿನ ಮೇಲೆ ಬ್ಯಾಬೇಜ್ ಈತನಿಗೆ ಕೆಲಸ ಒಪ್ಪಿಸಿದ.

ಪೂರ್ತಿ ಯಂತ್ರಕ್ಕೆ ಸುಮಾರು 25,000 ಬಿಡಿಭಾಗ ಬೇಕಿತ್ತು. ಒಂದೇ ಥರದ ಚಕ್ರ ನೂರಾರು, ಒಂದಕ್ಕೊಂದು ಕೂದಲೆಳೆ ವ್ಯತ್ಯಾಸವಿಲ್ಲದ ಹಾಗೆ. ಅಂಥದ್ದನ್ನು ಮಾಡುವ ಉಪಕರಣಗಳೇ ಇರಲಿಲ್ಲ, ಮೊದಲು ಅವನ್ನು ಮಾಡಿಕೊಳ್ಳಬೇಕು. ಕ್ಲೆಮೆಂಟ್ ಮಾಡಿಕೊಂಡ. ಬಿಲ್ಲು ಬ್ಯಾಬೇಜನಿಗೆ, ಬ್ಯಾಬೇಜನ ಮೂಲಕ ಸರ್ಕಾರಕ್ಕೆ. ಆದರೆ ಆಗಿನ ಕಸುಬಿನ ರೂಢಿ ಏನೆಂದರೆ, ದುಡ್ಡು ಯಾರೇ ಕೊಟ್ಟಿರಲಿ, ಕೆಲಸಗಾರ ಮಾಡಿಕೊಂಡ ಉಪಕರಣ ಕೆಲಸಗಾರನದ್ದೇ. ಮೊದಲೇ ಗೊತ್ತುಮಾಡಿದ ಬೆಲೆ ಇಲ್ಲ, ಇಷ್ಟು ದಿನಕ್ಕೆ ಇಷ್ಟು ಕೆಲಸ ಅನ್ನುವ ಕರಾರೂ ಇಲ್ಲ. ಆದ ಕೆಲಸಕ್ಕೆ ಬಿಲ್ಲು, ಅಷ್ಟೇ. ನಮ್ಮೂರಲ್ಲಿ ಮೇಸ್ತ್ರಿಗೆ ದಿನಗೂಲಿ ಲೆಕ್ಕದಲ್ಲಿ ಮನೆ ಕಟ್ಟಲು ಕೊಟ್ಟವರನ್ನು ಕೇಳಿ, ಮುಂದಿನ ಕಥೆಯನ್ನು ಅವರೇ ಹೇಳುತ್ತಾರೆ. ಕ್ಲೆಮೆಂಟ್ ಮೋಸಗಾರ ಅಂತ ನಾನು ಹೇಳುತ್ತಿಲ್ಲ. ಆತನ ಕೆಲಸ ನಿಖರವಾಗಿತ್ತು. ಆತನಿಗೆ ಕೇಳಿದ್ದು ನಿಖರತೆ, ಆತ ಕೊಟ್ಟದ್ದೂ ನಿಖರತೆ. 'ಯಾವತ್ತಿಗೆ' ಅಂತ ಕೇಳುವವರೇ ಇರಲಿಲ್ಲ.

ಬ್ಯಾಬೇಜನೂ ಸುಮ್ಮನಿರಲಿಲ್ಲ. ನಕ್ಷೆ ಬದಲಾಗುತ್ತಲೇ ಇತ್ತು. 1822ರ ಆರು ಅಂಕಿ ಈಗ ಇಪ್ಪತ್ತು ಅಂಕಿಯತ್ತ ಬೆಳೆದಿತ್ತು. ನಡುವೆ 1827 ಆತನ ಪಾಲಿಗೆ ಕರಾಳ ವರ್ಷ. ಅಪ್ಪ ತೀರಿಹೋದರು, ಹೆಂಡತಿ ಜಾರ್ಜಿಯಾನಾ ತೀರಿಹೋದಳು, ಇಬ್ಬರು ಮಕ್ಕಳೂ ಹೋದರು. ಎಲ್ಲ ಬಿಟ್ಟು ಯುರೋಪ್ ಸುತ್ತಲು ಹೊರಟುಹೋದ. ಉಸ್ತುವಾರಿ ಗೆಳೆಯ ಹರ್ಷೆಲ್ ಮೇಲೆ ಬಿತ್ತು. ಈ ಭಾಗ ಓದುವಾಗ ಆತನ ಮೇಲೆ ಸಿಟ್ಟು ಮಾಡಿಕೊಳ್ಳಲು ನನ್ನಿಂದ ಆಗಲಿಲ್ಲ.

1829ರಲ್ಲಿ ದುಡ್ಡಿನ ಜಗಳಕ್ಕೆ ಕ್ಲೆಮೆಂಟ್ ಕೆಲಸ ನಿಲ್ಲಿಸಿದ, 1830ರಲ್ಲಿ ಮತ್ತೆ ಶುರುವಾಯಿತು. 1832ರ ಕೊನೆಗೆ ಲೆಕ್ಕ ಹಾಕುವ ಭಾಗದ ಸುಮಾರು ಏಳನೇ ಒಂದು ಪಾಲನ್ನು, ಎರಡು ಸಾವಿರದಷ್ಟು ಬಿಡಿಭಾಗಗಳಿಂದ ಜೋಡಿಸಿದರು. ಅದು ಚೆನ್ನಾಗಿ ಕೆಲಸ ಮಾಡಿತು! ಬ್ಯಾಬೇಜ್ ಅದನ್ನು ಮನೆಯಲ್ಲಿಟ್ಟುಕೊಂಡು ಬಂದವರಿಗೆಲ್ಲ ತೋರಿಸುತ್ತಿದ್ದ. ಮರುವರ್ಷ ಅದನ್ನು ನೋಡಿ ಬೆರಗಾದವರಲ್ಲಿ 17 ವರ್ಷದ ಏಡಾ ಕೂಡ ಒಬ್ಬಳು, ಮುಂದೆ ಏಡಾ ಲವ್‌ಲೇಸ್ ಅಂತ ಹೆಸರಾದವಳು.

ಆದರೆ ಆ ಏಳನೇ ಒಂದು ಪಾಲಿನಲ್ಲಿ ಅಚ್ಚು ಹಾಕುವ ಭಾಗ ಇರಲಿಲ್ಲ. ಸರ್ಕಾರಕ್ಕೆ ಬೇಕಾಗಿದ್ದು ತಪ್ಪಿಲ್ಲದ ಅಚ್ಚಾದ ಕೋಷ್ಟಕ. ಹತ್ತು ವರ್ಷದ ನಂತರವೂ ಸರ್ಕಾರದ ಕೈಗೆ ಅಂಥ ಒಂದು ಪುಟ ಸಿಗಲಿಲ್ಲ. ಸಿಕ್ಕಿದ್ದು ಮನೆಗೆ ಬಂದ ಅತಿಥಿಗಳಿಗೆ ಒಂದು ಸೊಗಸಾದ ಪ್ರದರ್ಶನ. ನನ್ನ ಗ್ರಾಫುಗಳ ಹಾಗೆ.

ಮುಂದಿನದ್ದು ಬೇಗ ಮುಗಿಯಿತು. ಬ್ಯಾಬೇಜನ ಮನೆ ಪಕ್ಕದಲ್ಲೇ ಬೆಂಕಿ ತಾಗದ ಹೊಸ ವರ್ಕ್‌ಶಾಪ್ ಕಟ್ಟಿದರು, ಕ್ಲೆಮೆಂಟ್ ಅಲ್ಲಿಗೆ ಬರಬೇಕು ಅಂದರು. ನದಿಯಾಚೆ ಬೇರೆ ಗಿರಾಕಿಗಳಿರುವ ತನ್ನ ಅಂಗಡಿ ಬಿಟ್ಟು ಬರಲು ಆತ ಪರಿಹಾರ ಕೇಳಿದ. ಕೊಡಲಿಲ್ಲ. ಖಜಾನೆಯ ದುಡ್ಡು ಬರುವ ಮೊದಲು ಸ್ವಂತ ಜೇಬಿನಿಂದ ಕೊಡುವುದನ್ನು ಬ್ಯಾಬೇಜನೂ ನಿಲ್ಲಿಸಿದ. 1833ರಲ್ಲಿ ಕ್ಲೆಮೆಂಟ್ ಕೆಲಸಗಾರರನ್ನು ಮನೆಗೆ ಕಳಿಸಿ ಬಾಗಿಲು ಹಾಕಿದ. ತಯಾರಾಗಿದ್ದ ಸುಮಾರು 12,000 ಬಿಡಿಭಾಗಗಳಲ್ಲಿ ಹೆಚ್ಚಿನವು ಆಮೇಲೆ ಗುಜರಿಯಾಗಿ ಕರಗಿಹೋದವು.

1834ರಲ್ಲಿ ಬ್ಯಾಬೇಜನ ತಲೆಗೆ ಇನ್ನೂ ದೊಡ್ಡ ಯೋಚನೆ ಬಂತು. ಬರೀ ಕೂಡುವುದಲ್ಲ, ಏನು ಬೇಕಾದರೂ ಲೆಕ್ಕ ಹಾಕುವ 'ಅನಲಿಟಿಕಲ್ ಎಂಜಿನ್'. ಇವತ್ತಿನ ಕಂಪ್ಯೂಟರಿನ ಬೀಜ ಅದು. ಆದರೆ ಹತ್ತು ವರ್ಷ ಕಾದು ಕೂತಿದ್ದ ಗಿರಾಕಿಗೆ ಆತ ಹೇಳಿದ್ದು ಏನು? "ಹಳೆಯದಕ್ಕಿಂತ ಒಳ್ಳೆಯದು ಹೊಳೆದಿದೆ" ಅನ್ನುವ ಅರ್ಥದ ಮಾತು! ಗಣೇಶನೇ ಇನ್ನೂ ಮುಗಿದಿಲ್ಲ, ಆಗಲೇ ಅವರಪ್ಪನ ಸುದ್ದಿ. ಸರ್ಕಾರಕ್ಕೆ ದಿಕ್ಕು ತೋಚಲಿಲ್ಲ. 1842ರಲ್ಲಿ ಪ್ರಧಾನಿ ರಾಬರ್ಟ್ ಪೀಲ್‌ನ ಸರ್ಕಾರ ರಾಜಖಗೋಳಜ್ಞ ಜಾರ್ಜ್ ಏರಿಯನ್ನು ಕೇಳಿತು. ಆತ ಈ ಯಂತ್ರದಿಂದ ಪ್ರಯೋಜನವಿಲ್ಲ ಅಂದ. ಯೋಜನೆಗೆ ಎಳ್ಳುನೀರು ಬಿಟ್ಟರು. ಅಷ್ಟರಲ್ಲಿ ಸರ್ಕಾರಕ್ಕೆ ಖರ್ಚಾಗಿದ್ದು ಸುಮಾರು 17,500 ಪೌಂಡ್. 1831ರಲ್ಲಿ ಸ್ಟೀಫನ್‌ಸನ್ ಕಂಪನಿ ಮಾಡಿದ ಒಂದು ರೈಲ್ವೆ ಎಂಜಿನ್ನಿನ ಬೆಲೆ 800 ಪೌಂಡಿಗಿಂತ ಕಡಿಮೆ. ನೀವೇ ಭಾಗಿಸಿ ನೋಡಿ.

* * *

ಹಾಗಾದರೆ ತಂತ್ರಜ್ಞಾನ ಸಾಲದೆ ಹೋಯಿತೇ? ಇದಕ್ಕೆ ಉತ್ತರ ಸ್ವೀಡನ್ನಿನಲ್ಲಿದೆ.

ಸ್ಟಾಕ್‌ಹೋಮಿನ ಮುದ್ರಕ, ಪತ್ರಕರ್ತ ಜಾರ್ಜ್ ಶಾಯಿಟ್ಸ್, ಬ್ಯಾಬೇಜನ ಯಂತ್ರದ ಬಗ್ಗೆ 1834ರಲ್ಲಿ ಬಂದ ಡಯೋನಿಸಿಯಸ್ ಲಾರ್ಡ್ನರನ ಲೇಖನ ಓದಿದ. ಮಗ ಎಡ್ವರ್ಡ್ ಜೊತೆ ಸೇರಿ 1843ರಲ್ಲಿ ಒಂದು ಮಾದರಿಯನ್ನು ಮಾಡಿದ. ಲೇಖನ ಅಚ್ಚುಮೊಳೆಯ ವಾಸನೆ ಗೊತ್ತಿದ್ದವನ ಕೈಗೆ ಸಿಕ್ಕಿತ್ತು, ಹಾಗಾಗಿ ಆ ಮಾದರಿಯಲ್ಲೇ ಅಚ್ಚಿನ ವ್ಯವಸ್ಥೆ ಇತ್ತು. 1851ರಲ್ಲಿ ಸ್ವೀಡನ್ ದುಡ್ಡು ಕೊಟ್ಟಿತು, ಒಂದು ಷರತ್ತಿನ ಮೇಲೆ: 1853 ಮುಗಿಯುವುದರೊಳಗೆ ಯಂತ್ರ ತಯಾರಾಗಬೇಕು, ಇಲ್ಲವಾದರೆ ಕೊಟ್ಟದ್ದು ವಾಪಸ್. 1853ರಲ್ಲೇ ತಯಾರಾಯಿತು. ಇಪ್ಪತ್ತು ಅಂಕಿಯಲ್ಲ, ಹದಿನೈದು. ಬ್ಯಾಬೇಜನ ಯಂತ್ರದ ಅಂದಚೆಂದವೂ ಇಲ್ಲ. ಆದರೆ ಲೆಕ್ಕ ಹಾಕಿತು, ಫಲಿತಾಂಶವನ್ನು ಅಚ್ಚಿಗೂ ಇಳಿಸಿತು. 1855ರ ಪ್ಯಾರಿಸ್ ಪ್ರದರ್ಶನದಲ್ಲಿ ಚಿನ್ನದ ಪದಕ ಬಂತು. 1857ರಲ್ಲಿ ಅಮೆರಿಕದ ಆಲ್ಬನಿಯ ಡಡ್ಲಿ ವೀಕ್ಷಣಾಲಯ ಅದನ್ನು ಕೊಂಡುಕೊಂಡಿತು. ಬ್ಯಾಬೇಜ್ ಹೊಟ್ಟೆಕಿಚ್ಚು ಪಡಲಿಲ್ಲ, ಲಂಡನ್ನಿಗೆ ಬಂದ ಅಪ್ಪ ಮಗನಿಗೆ ಬೆಂಬಲವಾಗಿ ನಿಂತ. ಇದು ನನಗೆ ಬಹಳ ಇಷ್ಟವಾದ ಸಂಗತಿ.

ಇಲ್ಲಿಗೇ ನಿಲ್ಲಿಸಿದ್ದರೆ ಕಥೆ ನೀತಿಪಾಠದ ಹಾಗೆ ಚೆಂದವಾಗಿರುತ್ತಿತ್ತು. ಆದರೆ ಇನ್ನೊಂದು ತಿರುವು ಇದೆ. ಬ್ರಿಟನ್ನಿನ ಜನನ ಮರಣ ನೋಂದಣಿ ಕಚೇರಿಗೆ ಆಯುಷ್ಯದ ಕೋಷ್ಟಕ ಬೇಕಿತ್ತು, ಅಂದರೆ ಇಷ್ಟು ವಯಸ್ಸಿನವರು ಇನ್ನೆಷ್ಟು ವರ್ಷ ಬದುಕಬಹುದು ಅನ್ನುವ ಲೆಕ್ಕ. ಅಲ್ಲಿದ್ದ ವಿಲಿಯಂ ಫಾರ್ ಆಸಕ್ತಿ ವಹಿಸಿ, ಶಾಯಿಟ್ಸ್ ಯಂತ್ರದ ಇನ್ನೊಂದು ಪ್ರತಿಯನ್ನು ಲಂಡನ್ನಿನ ಡಾಂಕಿನ್ ಕಂಪನಿಯಿಂದ ಮಾಡಿಸಿದ. ಈ ಸಲ ಬೆಲೆ ಮೊದಲೇ ಗೊತ್ತುಮಾಡಿದ್ದರು. 1859ರಲ್ಲಿ ಯಂತ್ರ ಬಂತು, ಆದರೆ ಒಪ್ಪಿಕೊಂಡ ಬೆಲೆಗಿಂತ ಖರ್ಚು ಹೆಚ್ಚಾಗಿ ಡಾಂಕಿನ್‌ಗೆ ನಷ್ಟವಾಯಿತು. 1864ರಲ್ಲಿ ಪ್ರಕಟವಾದ ಆಯುಷ್ಯದ ಕೋಷ್ಟಕಕ್ಕೆ ಯಂತ್ರ ಬಳಸಿದರು. ಅದು ಹೇಳಿದ ಹಾಗೆ ಕೇಳುತ್ತಿರಲಿಲ್ಲ, ಪಕ್ಕದಲ್ಲೇ ಕೂತು ಕಾಯಬೇಕಿತ್ತು. ದೊಡ್ಡ ಪುಸ್ತಕದಲ್ಲಿ ಪೂರ್ತಿ ಯಂತ್ರದಿಂದಲೇ ಬಂದದ್ದು ಕೆಲವೇ ಪುಟ.

ಅಂದರೆ ಗೊತ್ತುಮಾಡಿದ ಬೆಲೆ ಅನ್ನುವುದೂ ರಾಮಬಾಣವಲ್ಲ. ಬ್ಯಾಬೇಜನ ಪದ್ಧತಿಯಲ್ಲಿ ಗಿರಾಕಿ ಮುಳುಗಿದ, ಡಾಂಕಿನ್ ಪದ್ಧತಿಯಲ್ಲಿ ತಯಾರಕ ಪೆಟ್ಟು ತಿಂದ. ನಡುವೆ ಶಾಯಿಟ್ಸ್ ಅಪ್ಪ ಮಗ ದಾಟಿಕೊಂಡದ್ದು ಹೇಗೆ? ನನಗನ್ನಿಸುವುದು ಇಷ್ಟು. ಅವರು ಮೊದಲು ಒಂದು ಚಿಕ್ಕ, ಒಡ್ಡೊಡ್ಡಾದ, ಆದರೆ ಕೊನೆಯ ಅಚ್ಚಿನ ತನಕ ಪೂರ್ತಿಯಾದ ಯಂತ್ರವನ್ನು ಮಾಡಿಕೊಂಡಿದ್ದರು. ಗಡುವು ಒಪ್ಪಿಕೊಳ್ಳುವ ಹೊತ್ತಿಗೆ ಎಲ್ಲಿ ಕಷ್ಟವಾಗುತ್ತದೆ ಅಂತ ಅವರಿಗೆ ಗೊತ್ತಿತ್ತು.

ಇದೆಲ್ಲದರಲ್ಲಿ ದೊಡ್ಡ ವಿಚಿತ್ರ ಅಂದರೆ, ಇಂಥ ಯಂತ್ರದ ಖರ್ಚಿನ ಬಗ್ಗೆ ಆ ಕಾಲದಲ್ಲಿ ಚೆನ್ನಾಗಿ ಬರೆದವನೂ ಬ್ಯಾಬೇಜನೇ. 1832ರಲ್ಲಿ, ಕ್ಲೆಮೆಂಟ್ ಇನ್ನೂ ಚಕ್ರ ಕೊರೆಯುತ್ತಿದ್ದಾಗ, ಯಂತ್ರಗಳು ಮತ್ತು ಉತ್ಪಾದನೆಯ ಅರ್ಥಶಾಸ್ತ್ರದ ಮೇಲೆ ಆತ ಒಂದು ಪುಸ್ತಕ ಪ್ರಕಟಿಸಿದ. ಒಂದು ವಸ್ತುವನ್ನು ಮಾಡುವುದು ಬೇರೆ, ನೂರಾರು ಸಂಖ್ಯೆಯಲ್ಲಿ ಉತ್ಪಾದಿಸುವುದು ಬೇರೆ ಅಂತ ಅದರಲ್ಲಿ ವಿಂಗಡಿಸಿದ್ದಾನೆ. ಹೊಸ ಯಂತ್ರದ ಮೊದಲನೆಯ ಪ್ರತಿಗೆ ಎರಡನೆಯದರ ಸುಮಾರು ಐದು ಪಟ್ಟು ಖರ್ಚು ಬೀಳುತ್ತದೆ ಅನ್ನುವ ಅಂದಾಜೂ ಅಲ್ಲಿದೆ. ಬುದ್ಧಿ ಎಲ್ಲ ಗೊತ್ತಿತ್ತು. ಸ್ವಂತ ಕೆಲಸಕ್ಕೆ ಬಂದಾಗ ಮಾತ್ರ... ಹೋಗಲಿ ಬಿಡಿ, ನಮ್ಮಲ್ಲಿ ಯಾರಿಗೆ ಇದು ಆಗಿಲ್ಲ?

* * *

ಕೊನೆಗೊಂದು ಸಮಾಧಾನದ ಸಂಗತಿ. ಬ್ಯಾಬೇಜ್ 1847ರಿಂದ 1849ರ ನಡುವೆ ಡಿಫರೆನ್ಸ್ ಎಂಜಿನ್ನಿನ ಎರಡನೆಯ ನಕ್ಷೆ ಬರೆದ. ಕಲಿತ ಪಾಠ ಅದರಲ್ಲಿ ಕಾಣುತ್ತದೆ. 25,000 ಬಿಡಿಭಾಗಗಳ ಜಾಗದಲ್ಲಿ ಸುಮಾರು 8,000. ಆದರೆ ಆಗ ಕೇಳುವವರಿರಲಿಲ್ಲ. 1985ರಲ್ಲಿ ಲಂಡನ್ನಿನ ಸೈನ್ಸ್ ಮ್ಯೂಸಿಯಂ ಅದನ್ನು ಕಟ್ಟಲು ಹೊರಟಿತು. ಡೊರಾನ್ ಸ್ವೇಡ್ ಮುಂದಾಳು. ಬಿಡಿಭಾಗಗಳನ್ನು 19ನೇ ಶತಮಾನದಲ್ಲಿ ಸಾಧ್ಯವಿದ್ದಷ್ಟೇ ನಿಖರತೆಗೆ ಮಾಡಬೇಕು ಅಂತ ನಿಯಮ ಹಾಕಿಕೊಂಡರು.

ಅವರ ಗಿರಾಕಿ ಮ್ಯೂಸಿಯಂ ನೋಡಲು ಬರುವ ಜನ, ಗಡುವು 1991, ಬ್ಯಾಬೇಜನ 200ನೇ ಹುಟ್ಟುಹಬ್ಬ. ಹಾಗಾಗಿ ಲೆಕ್ಕ ಹಾಕುವ ಭಾಗ ಮೊದಲು, ಅಚ್ಚಿನ ಭಾಗ ಆಮೇಲೆ ಅಂತ ತೀರ್ಮಾನವಾಯಿತು. ಬ್ಯಾಬೇಜನ ಗಿರಾಕಿಗೆ ಅಚ್ಚು ಬೇಕಿತ್ತು, ಇವರ ಗಿರಾಕಿಗೆ ಚಕ್ರ ತಿರುಗುವುದನ್ನು ಕಣ್ಣಾರೆ ನೋಡಬೇಕಿತ್ತು. ಯಂತ್ರದ ನಕ್ಷೆ ಕೊಟ್ಟವನು ಒಬ್ಬನೇ ಆದರೂ, ಗಿರಾಕಿ ಬದಲಾದ ಮೇಲೆ ಕೆಲಸದ ಕ್ರಮವೂ ಬದಲಾಯಿತು. ನಡುವೆ ಗುತ್ತಿಗೆ ತಗೊಂಡಿದ್ದ ಕಂಪನಿ ದಿವಾಳಿಯಾಯಿತು. ಅಲ್ಲಿ ಈ ಕೆಲಸ ಮಾಡುತ್ತಿದ್ದ ರೆಗ್ ಕ್ರಿಕ್, ಬ್ಯಾರಿ ಹಾಲೊವೇ ಅನ್ನುವ ಇಬ್ಬರು ಇಂಜಿನಿಯರುಗಳನ್ನು ಮ್ಯೂಸಿಯಂ ತಾನೇ ನೌಕರಿಗೆ ತಗೊಂಡು ಕೆಲಸ ಮುಂದುವರಿಸಿತು. 1991ರಲ್ಲಿ ಯಂತ್ರ ತಪ್ಪಿಲ್ಲದೆ ಲೆಕ್ಕ ಹಾಕಿತು. 2002ರಲ್ಲಿ ಅಚ್ಚಿನ ಭಾಗವೂ ಮುಗಿಯಿತು. ಅದರ ಜೋಡಿ ಯಂತ್ರವೊಂದು 2008ರಿಂದ 2016ರವರೆಗೆ ಕ್ಯಾಲಿಫೋರ್ನಿಯಾದ ಮೌಂಟನ್ ವ್ಯೂನಲ್ಲಿ ಪ್ರದರ್ಶನಕ್ಕಿತ್ತು. ಆಗ ಅಲ್ಲಿದ್ದ ನಮ್ಮ ಕನ್ನಡದ ಟೆಕ್ಕಿಗಳಲ್ಲಿ ನೋಡಿದವರಿದ್ದರೆ ನನಗೆ ನಿಜಕ್ಕೂ ಹೊಟ್ಟೆಕಿಚ್ಚು :)

ಕ್ಲೆಮೆಂಟನ ಶ್ರಮವೂ ಪೂರ್ತಿ ನೀರಿಗೆ ಹೋಗಲಿಲ್ಲ. ಆತನ ವರ್ಕ್‌ಶಾಪಿನಲ್ಲಿ ಕೆಲಸ ಮಾಡಿದ್ದ ಜೋಸೆಫ್ ವಿಟ್‌ವರ್ತ್ ಮುಂದೆ 1841ರಲ್ಲಿ ಸ್ಕ್ರೂಗಳ ಮರೆಗೆ ಒಂದೇ ಅಳತೆ ಇರಬೇಕು ಅಂತ ಸೂಚಿಸಿದ. ಪೀಣ್ಯದಲ್ಲಿ ಯಾವ ಹಳೆಯ ಮೆಕ್ಯಾನಿಕ್ಕನ್ನು ಕೇಳಿದರೂ 'ವಿಟ್‌ವರ್ತ್ ಥ್ರೆಡ್' ಗೊತ್ತಿರುತ್ತದೆ.

ಇನ್ನು ನಮ್ಮ ಕಥೆ. ಅದೇ ಕಾರ್ಖಾನೆಗೆ ಎರಡನೆಯ ಯಂತ್ರದ ಆರ್ಡರ್ ಬಂದಾಗ ನಾನು ಮೊದಲ ಮೂರು ದಿನ ಲ್ಯಾಪ್‌ಟಾಪ್ ತೆಗೆಯಲಿಲ್ಲ. ಆ ಸೂಪರ್‌ವೈಸರ್ ಜೊತೆ ಶಿಫ್ಟ್ ಪೂರ್ತಿ ನಿಂತೆ. ತೊಟ್ಟಿಯಲ್ಲಿ ನಾನೂ ಕೈ ಅದ್ದಿ ಗುಳ್ಳೆ ಹುಡುಕಿದೆ. ಮೂರನೆಯ ವಾರಕ್ಕೆ ಎರಡು ದೊಡ್ಡ ದೀಪ ಇರುವ ಯಂತ್ರ ಓಡತೊಡಗಿತು. ಗ್ರಾಫು ಬೇಕಿದ್ದದ್ದು ಮೇಲಿನ ಮಹಡಿಯ ಕ್ವಾಲಿಟಿ ವಿಭಾಗದವರಿಗೆ, ಅದನ್ನು ಆಮೇಲೆ ನಿಧಾನಕ್ಕೆ ಕೊಟ್ಟೆವು. ತೊಟ್ಟಿ ಈಗ ಖಾಲಿ, ಅದರಲ್ಲಿ ಯಾರೋ ಹಳೆಯ ಗೋಣಿಚೀಲ ಇಟ್ಟಿದ್ದಾರೆ.

ಅಜ್ಜಿ ಈಗಿಲ್ಲ. ಇದ್ದಿದ್ದರೆ, ಗಾದೆ ಕೊನೆಗೂ ಅರ್ಥವಾಯಿತು ಅಂತ ಹೇಳಬಹುದಿತ್ತು. ನಿಮ್ಮ ಆಫೀಸುಗಳಲ್ಲೂ ಗಣೇಶನ ಬದಲು ಅವರಪ್ಪ ತಯಾರಾದ ಕಥೆಗಳಿದ್ದರೆ ಬರೆಯಿರಿ, ಓದಲು ಕಾದಿರುತ್ತೇನೆ.